ಕರೆಂಟು ಹೋದರೂ ಉರಿಯುವ ಬಲ್ಬು: ಅಡುಗೆಮನೆಗೆ ಸರಿ, ಬಚ್ಚಲಿಗೆ ಬೇಡ

ಸಾಗರದ ಕಡೆ ಮಳೆಗಾಲ ಅಂದರೆ ಲೈನಿನ ಮೇಲೆ ಮರ ಬೀಳುವ ಕಾಲ. ಮನೆಗೆಲ್ಲ ಇನ್ವರ್ಟರ್ ಹಾಕಿಸುವಷ್ಟು ದುಡ್ಡಿಲ್ಲದ ನಮ್ಮಂಥವರಿಗೆ ಪೇಟೆಯ ಅಂಗಡಿಯವರು ತೋರಿಸುವುದು 9 ವ್ಯಾಟಿನ ಈ 'ಇನ್ವರ್ಟರ್ ಬಲ್ಬು'. ನಾನೂರು ರೂಪಾಯಿಯ ಒಳಗೆ ಒಂದು. ಎರಡು ತಂದೆವು, ಅಡುಗೆಮನೆಗೊಂದು, ಬಚ್ಚಲಿಗೊಂದು.

ಅಡುಗೆಮನೆಯದ್ದು ಚಿನ್ನದಂಥ ಬಲ್ಬು. ಒಲೆ ಮೇಲೆ ಒಗ್ಗರಣೆ ಸಿಡಿಯುವಾಗ ಕರೆಂಟು ಹೋದರೂ ಕೈ ನಿಲ್ಲುವುದಿಲ್ಲ. ಬಚ್ಚಲಿನದ್ದು ಮಾತ್ರ ಕರೆಂಟು ಹೋದ ಸ್ವಲ್ಪ ಹೊತ್ತಿಗೇ ಮಂಕಾಗುತ್ತದೆ. ಬಲ್ಬಿನ ದೋಷ ಅಲ್ಲ. ಒಳಗಿರುವ ಲಿಥಿಯಂ ಬ್ಯಾಟರಿ ಚಾರ್ಜ್ ಆಗುವುದು ಬಲ್ಬು ಉರಿಯುತ್ತಿರುವಾಗ ಮಾತ್ರ, ಅದೂ ತುಂಬಲು ಎಂಟು ಹತ್ತು ಗಂಟೆ ಬೇಕು. ಮುಖ ತೊಳೆದು ಬರುವಷ್ಟು ಹೊತ್ತು ಹಾಕಿ ಆರಿಸುವ ಕಡೆ ಅದರ ಹೊಟ್ಟೆ ತುಂಬುವುದು ಯಾವಾಗ? ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಡಬ್ಬಿಯ ಮೇಲೆ '4 ಗಂಟೆ ಬ್ಯಾಕಪ್' ಅಂತಿದೆ. ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಬ್ಯಾಟರಿ 2200 ಎಂಎಎಚ್ (ಅಂದರೆ 2.2 ಆಂಪಿಯರ್-ಗಂಟೆ), 3.7 ವೋಲ್ಟ್. ಗುಣಿಸಿದರೆ ಸುಮಾರು 8 ವ್ಯಾಟ್-ಗಂಟೆ. 9 ವ್ಯಾಟಿನಲ್ಲಿ ಉರಿದರೆ ಒಂದು ಗಂಟೆಯೂ ಬರದು. ಹಾಗಾಗಿ ಕರೆಂಟು ಹೋದ ಕೂಡಲೇ ಅದು ತಾನಾಗಿ ಎರಡು ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಪಾತ್ರೆ ತೊಳೆಯಲು ಸಾಕು, ಪೇಪರ್ ಓದಲು ಸಾಲದು. ಮಾವ ಒಂದು ಸಲ ತಲೆಯೆತ್ತಿ ನೋಡಿ, "ಝೀರೋ ಕ್ಯಾಂಡಲ್ಲಿಗೆ ನಾನೂರು ಕೊಟ್ರಾ?" ಅಂದರು. ಅವರಿಗೆ ಈಗಲೂ ವ್ಯಾಟೆಲ್ಲ ಕ್ಯಾಂಡಲ್ಲೇ.

ಇನ್ನೊಂದು ವಿಷಯ. ಕರೆಂಟು ಹೋಯಿತೋ, ನಾವೇ ಸ್ವಿಚ್ ಆರಿಸಿದೆವೋ ಎಂದು ಬಲ್ಬಿಗೆ ತಿಳಿಯುವುದು ಲೈನಿನಲ್ಲಿರುವ ಫ್ರಿಜ್ಜು, ಟಿವಿಗಳ ಮೂಲಕ ಆಚೆ ಸಂಪರ್ಕ ಇದೆಯೋ ಇಲ್ಲವೋ ಎಂಬುದರಿಂದ. ಬಿಚ್ಚಿ ಕೈಯಲ್ಲಿ ಹಿಡಿದು, ಬುಡದ ಎರಡೂ ಚುಕ್ಕಿಗೆ ಬೆರಳು ತಾಗಿಸಿದರೆ ಹೊತ್ತಿಕೊಳ್ಳುವುದೂ ಅದಕ್ಕೇ, ಆಗ ಬೆರಳೇ ಆ ಸಂಪರ್ಕ. ರಜೆಗೆ ಬಂದ ಮಕ್ಕಳಿಗೆ ಇದೇ ಆಟ. ಆದರೆ ಗುಡುಗು ಶುರುವಾದರೆ ನಮ್ಮತ್ತೆ ಮನೆಯ ಪ್ಲಗ್ಗೆಲ್ಲ ಕೀಳಿಸುತ್ತಾರೆ. ಆಗ ಕರೆಂಟು ಹೋದರೆ, ಸ್ವಿಚ್ ಹಾಕಿಯೇ ಇದ್ದರೂ ಬಲ್ಬು ಸುಮ್ಮನಿರಬಹುದು. ಬೆಂಕಿಪೆಟ್ಟಿಗೆ ಕೈಗೆ ಸಿಗುವಲ್ಲೇ ಇರಲಿ.

ಬೆಳಕು ನನಗೆ ಹಿಡಿಸಲಿಲ್ಲ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಕಣ್ಣಿಗೆ ಹೊಡೆಯುವ ಬಿಳಿ. ಸಾರಿನ ಬಣ್ಣವೇ ಬೇರೆ ಕಾಣುತ್ತದೆ, ಮಳೆಹುಳವೂ ಜಾಸ್ತಿ. 3000ದ ಹಳದಿ ಬೆಳಕಿನದ್ದು ಕೇಳಿದರೆ ಅಂಗಡಿಯವರು, "ಅದನ್ನ ಯಾರೂ ಕೇಳಲ್ಲ ಅಕ್ಕಾ" ಅಂದರು. ನಾನು ಕೇಳಿದೆನಲ್ಲ!

ಗಾಜಿನ ಮುಚ್ಚಳದ ಒಳಗೆ ಹಾಕಬೇಡಿ, ಶಾಖಕ್ಕೆ ಬ್ಯಾಟರಿ ಬೇಗ ಸೋಲುತ್ತದೆ. ಬಚ್ಚಲಿನದ್ದನ್ನು ಈಗ ಜಗಲಿಗೆ ಹಾಕಿದ್ದೇವೆ. ಅಲ್ಲಿ ಸಂಜೆಯಿಂದ ಮಲಗುವ ತನಕ ದೀಪ ಇದ್ದೇ ಇರುತ್ತದೆ. ಬಚ್ಚಲಿಗೆ, ಕೊಟ್ಟಿಗೆಗೆ ಟಾರ್ಚೇ ಸರಿ. ಐದಕ್ಕೆ ಮೂರೂವರೆ ಕೊಡುತ್ತೇನೆ; ಹಳದಿಯದ್ದು ಸಿಕ್ಕಿದ್ದರೆ ನಾಲ್ಕು.