ಬೆಳಗಾವಿ ಪೇಟೆಯ ಬಿಎಂಐ ಯಂತ್ರ: ತೂಕ ನಂಬಿ, ಚೀಟಿ ನಂಬಬೇಡಿ

ಖಡೇಬಜಾರ್ ಕಡೆಯ ಔಷಧ ಅಂಗಡಿಯೊಂದರ ಬಾಗಿಲಲ್ಲಿರುವ ಈ ಯಂತ್ರ 10 ರೂಪಾಯಿಗೆ ಚೀಟಿ ಕೊಡುತ್ತದೆ: ತೂಕ, ಎತ್ತರ, ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಅಂಕಿ), ಕೊನೆಗೊಂದು ತೀರ್ಪು. ತೂಕಕ್ಕೆ ಪೂರ್ತಿ ಅಂಕ ಕೊಡಬಹುದು, ಎತ್ತರಕ್ಕೆ ಅರ್ಧ. ತೀರ್ಪು ಮಾತ್ರ ನಪಾಸು.

ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ವರ್ಗ ಮಾಡುವುದರಿಂದ ಎತ್ತರದ ತಪ್ಪು ಉತ್ತರದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಮೇಲಿನ ಸೆನ್ಸರ್ ಬಿಡುವ ಶಬ್ದದ ಅಲೆ ಮೊದಲು ಯಾವುದಕ್ಕೆ ತಾಗುತ್ತದೋ ಅದೇ ನೆತ್ತಿ. ಗಾಂಧಿ ಟೋಪಿ, ರುಮಾಲು ಎಲ್ಲವೂ ಅದರ ಲೆಕ್ಕಕ್ಕೆ ತಲೆಯೇ. 160 ಸೆಂ.ಮೀ. ಎತ್ತರ, 65 ಕಿಲೋ ಇದ್ದವರ ಬಿಎಂಐ 25.4. ನೆತ್ತಿ ಮೇಲೆ 5 ಸೆಂ.ಮೀ. ತುರುಬು ಕಟ್ಟಿ ನಿಂತರೆ ಅದೇ ಮೈ 23.9! ತಲೆ ಬಗ್ಗಿಸಿ ಅಂಕಿ ನೋಡಿದರೆ ಉಲ್ಟಾ, ಎತ್ತರ ಇಳಿದು ಬಿಎಂಐ ಏರುತ್ತದೆ. ಚಪ್ಪಲಿ ಬಿಟ್ಟು, ನೇರ ಮುಂದೆ ನೋಡಿ ನಿಲ್ಲಬೇಕು. ಇದಕ್ಕಿಂತ ಮನೆಯಲ್ಲೇ ಗೋಡೆಗೆ ಬೆನ್ನು ಹಚ್ಚಿ, ತಲೆ ಮೇಲೆ ಪಾಟಿ ಅಡ್ಡ ಇಟ್ಟು ಎತ್ತರ ಅಳೆದಿಟ್ಟುಕೊಳ್ಳುವುದು ವಾಸಿ.

ಚೀಟಿಯಲ್ಲಿ 18.5ರಿಂದ 25ರ ತನಕ 'ನಾರ್ಮಲ್'. ಭಾರತೀಯರಿಗೆ ಇದು ಸಡಿಲವಾಯಿತು. ಅದೇ ಬಿಎಂಐಗೆ ನಮ್ಮಲ್ಲಿ ಕೊಬ್ಬು, ಅದರಲ್ಲೂ ಹೊಟ್ಟೆಯ ಕೊಬ್ಬು, ಜಾಸ್ತಿ. ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ. ಹಾಗಾಗಿ ಇಲ್ಲಿಯ ವೈದ್ಯರು 23ಕ್ಕೇ ಹೆಚ್ಚು ತೂಕ, 25ಕ್ಕೆ ಬೊಜ್ಜು ಎನ್ನುತ್ತಾರೆ.

ಇನ್ನು ಗರಡಿಯ ಪೈಲ್ವಾನರ ವಿಷಯ. 170 ಸೆಂ.ಮೀ., 85 ಕಿಲೋ ಎಂದರೆ 29.4. ಅದು ಮಾಂಸಖಂಡವೋ ಕೊಬ್ಬೋ ಯಂತ್ರಕ್ಕೆ ತಿಳಿಯದು. ತಪ್ಪು ಯಂತ್ರದ್ದಲ್ಲ, ಸೂತ್ರದ್ದು. 1830ರ ದಶಕದಲ್ಲಿ ಇದನ್ನು ಹೊಸೆದ ಬೆಲ್ಜಿಯಂನ ಕ್ವೆಟೆಲೆ ವೈದ್ಯನಲ್ಲ, ಖಗೋಳ ಮತ್ತು ಅಂಕಿಅಂಶಗಳ ಪಂಡಿತ. ಅವನಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ. 'ಬಾಡಿ ಮಾಸ್ ಇಂಡೆಕ್ಸ್' ಎಂಬ ಹೆಸರು ಬಂದದ್ದೇ 1972ರಲ್ಲಿ.

ಪೈಲ್ವಾನರಿಗಿಂತ ಹೆಚ್ಚು ಮೋಸ ಹೋಗುವವರು ಕೈಕಾಲು ಸಣ್ಣಗಿದ್ದು ಹೊಟ್ಟೆ ಮುಂದೆ ಬಂದವರು. 165 ಸೆಂ.ಮೀ.ಗೆ 60 ಕಿಲೋ ಇದ್ದರೆ 22, ಚೀಟಿ ಪಾಸು. ಇವರು ದರ್ಜಿಯ ಟೇಪು ಹಿಡಿಯಬೇಕು: ಪ್ಯಾಂಟಿನ ಪಟ್ಟಿ ಮೇಲಲ್ಲ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಟ್ಟನಡುವೆ, ಸಹಜವಾಗಿ ಉಸಿರು ಬಿಟ್ಟಾಗ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಚೀಟಿ ಏನೇ ಹೇಳಲಿ, ರಕ್ತದ ಸಕ್ಕರೆ ನೋಡಿಸಿ.

ಶಾಲಾ ಹುಡುಗರೂ ಸರದಿ ನಿಂತು ಚೀಟಿ ತೆಗೆಯುವುದುಂಟು. ಮಕ್ಕಳ ಬಿಎಂಐಯನ್ನು ವಯಸ್ಸು, ಗಂಡು-ಹೆಣ್ಣು ನೋಡಿ ಬೇರೆ ಚಾರ್ಟಿನಲ್ಲಿ ಓದಬೇಕು. ಈ ಯಂತ್ರ ವಯಸ್ಸನ್ನೇ ಕೇಳುವುದಿಲ್ಲ.