ಕೆನ್ ಡೊಮೊನ್ ಅವರ ಗಣಿಮಕ್ಕಳು, ಆರ್ಟ್ ಪೇಪರಿನ ಮೇಲೆ

ಜಪಾನಿನ ಛಾಯಾಗ್ರಾಹಕ ಕೆನ್ ಡೊಮೊನ್ (1909–1990) ಅವರ ಆಯ್ದ ಚಿತ್ರಗಳ ಸಂಪುಟವೊಂದನ್ನು ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬರಿಂದ ಅಂಚೆಯ ಮೂಲಕ ಕೋಲಾರಕ್ಕೆ ತರಿಸಿಕೊಂಡೆ. ಬರೀ ಕಂದು ಕಾಗದ ಸುತ್ತಿ ಕಳುಹಿಸಿದ್ದರಿಂದ ರಟ್ಟಿನ ಒಂದು ಮೂಲೆ ಜಜ್ಜಿಹೋಗಿತ್ತು. 3,400 ರೂಪಾಯಿ ತೆತ್ತವನಿಗೆ ಅದು ನೋವಿನ ಸಂಗತಿಯೇ. ಒಳಪುಟಗಳಿಗೆ ಮಾತ್ರ ಏನೂ ಆಗಿರಲಿಲ್ಲ.

1957ರಿಂದ ಹಿರೋಷಿಮಾದಲ್ಲಿ ತೆಗೆದ ಚಿತ್ರಗಳು ಮೊದಲಿಗೆ ಬರುತ್ತವೆ. ಆದರೆ ನಾನು ಮತ್ತೆ ಮತ್ತೆ ತೆರೆಯುವುದು ಚಿಕುಹೋ ಭಾಗವನ್ನು. ಜಪಾನು ಕಲ್ಲಿದ್ದಲನ್ನು ಬಿಟ್ಟು ತೈಲದ ಕಡೆಗೆ ಹೊರಳಿದಾಗ ಕ್ಯೂಷೂ ದ್ವೀಪದ ಈ ಪ್ರದೇಶದ ಸಣ್ಣ ಗಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಕಳೆದುಕೊಂಡವರ ಮಕ್ಕಳನ್ನು ಡೊಮೊನ್ 1959ರ ಕೊನೆಯಲ್ಲಿ ಅಲ್ಲಿಗೆ ಹೋಗಿ ಸೆರೆಹಿಡಿದರು. ಒಂದು ಚಿತ್ರ ಶಾಲೆಯ ಊಟದ ಹೊತ್ತಿನದು. ಬುತ್ತಿ ತಂದವರು ಉಣ್ಣುತ್ತಿದ್ದಾರೆ, ತರದವರು ಪುಸ್ತಕ ಬಿಡಿಸಿಕೊಂಡು ಕುಳಿತಿದ್ದಾರೆ. ಪಕ್ಕದವರ ಅನ್ನ ಕಣ್ಣಿಗೆ ಬೀಳದಿರಲೆಂದೇ ಆ ಪುಸ್ತಕ ಎಂಬುದು ತಿಳಿದ ಮೇಲೆ ಪುಟ ತಿರುಗಿಸಲು ಕೈ ಬರಲಿಲ್ಲ.

2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್ಸಿನಲ್ಲಿ ದುಡಿದ ನಮ್ಮ ಸೋದರಮಾವನವರಿಗೆ ಪುಸ್ತಕ ತೋರಿಸಿದೆ. ಗಣಿಯ ಕಸ ಸುರಿದ ಗುಡ್ಡವನ್ನು ನೋಡಿ, "ನಮ್ಮ ಸೈನೈಡ್ ದಿಬ್ಬದ ಹಾಗೇ ಇದೆಯಲ್ಲೋ" ಎಂದರು. ಬುತ್ತಿಯ ಚಿತ್ರ ಬಂದಾಗ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಏನೂ ಮಾತಾಡದೆ ನೋಡಿದರು.

ನನ್ನ ತಕರಾರು ಕಾಗದದ ಬಗ್ಗೆ. 1960ರಲ್ಲಿ ಈ ಚಿಕುಹೋ ಚಿತ್ರಗಳು ಒರಟಾದ ಅಗ್ಗದ ಕಾಗದದಲ್ಲಿ ಅಚ್ಚಾಗಿ, ಸಾಮಾನ್ಯ ಜನರೂ ಕೊಳ್ಳಲೆಂದು ಕೇವಲ 100 ಯೆನ್‌ಗೆ ಮಾರಾಟವಾದವು. ಈ ಸಂಪುಟದ್ದು ಮಿರುಗುವ ಆರ್ಟ್ ಪೇಪರು. ಕಪ್ಪು ಗಾಢವಾಗಿ ಮೂಡಿದೆ, ಮಕ್ಕಳ ಮುಖದ ಮಸಿಯೂ ಸ್ಪಷ್ಟವಾಗಿ ಕಾಣುತ್ತದೆ, ನಿಜ. ಆದರೆ ಟ್ಯೂಬ್‌ಲೈಟಿನ ಕೆಳಗೆ ಪುಟವನ್ನು ಓರೆ ಮಾಡದೆ ನೋಡಲಾಗದು. ಎರಡು ಪುಟಕ್ಕೆ ಹರಡಿದ ಚಿತ್ರಗಳ ನಡುಭಾಗವನ್ನು ಬೈಂಡಿಂಗ್ ನುಂಗಿದೆ, ಒಂದರಲ್ಲಂತೂ ಹುಡುಗಿಯೊಬ್ಬಳ ಅರ್ಧ ಮುಖವೇ ಹೊಲಿಗೆಯೊಳಗೆ ಹೋಗಿದೆ. ಇದು ಸಣ್ಣ ತಪ್ಪಲ್ಲ.

ಇಷ್ಟಾದರೂ ಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಬೆಲೆ ಭಾರವೆನಿಸಿದರೆ ಇಬ್ಬರು ಮೂವರು ಸೇರಿ ಕೊಳ್ಳಬಹುದು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವಂತೆ ವ್ಯಾಪಾರಿಗೆ ಮೊದಲೇ ಹೇಳಿಡಿ.