ಹಳೆಯ ಪುಟ್ಟ ಫೋರ್ ಬೈ ಫೋರ್, ನಾಲ್ಕು ವರ್ಷ ಓಡಿಸಿದ ಮೇಲೆ

ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಕೊಡಬಲ್ಲ ಗಾಡಿ, ತಗೊಂಡು ನಾಲ್ಕು ವರ್ಷ ಆಯಿತು. ಕೈಗೆ ಬಂದಾಗ ಮೀಟರಿನಲ್ಲಿ 88,000 ಕಿಲೋಮೀಟರ್ ಇತ್ತು, ಈಗ 1,41,000. ಸಣ್ಣ ಪೆಟ್ರೋಲ್ ಇಂಜಿನ್, ಲ್ಯಾಡರ್ ಚಾಸಿಸ್ (ಏಣಿಯಂಥ ಕಬ್ಬಿಣದ ಅಡಿಚೌಕಟ್ಟು), ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಎಳೆತ ಕೊಡುವ ಗೇರು) ಇರುವ ಗಾಡಿ. ಯಾವ ಕಂಪನಿಯದು ಅಂತ ಬೇಕಂತಲೇ ಬರೆಯುತ್ತಿಲ್ಲ, ಬರೆದರೆ ಮಾತೆಲ್ಲ ಆ ಹೆಸರಿನ ಸುತ್ತಲೇ ಸುತ್ತುತ್ತದೆ. ಹಳೇ ಗಾಡಿಯಲ್ಲಿ ಹೆಸರಿಗಿಂತ ಅದರ ಹೊಟ್ಟೆಯ ಕೆಳಗೆ ಏನಿದೆ ಅನ್ನೋದೇ ಮುಖ್ಯ.

ನನ್ನ ಅಗತ್ಯ ದೊಡ್ಡದೇನಲ್ಲ. ದಿನಾ ಕೆಲಸಕ್ಕೆ ಹೋಗಿ ಬರೋದು, ಸಾಮಾನು ತರೋದು, ಆಮೇಲೆ ಮನೆ ಮುಟ್ಟುವ ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಳೆ ಬಂತು ಅಂದ್ರೆ ಆ ಏರಿನಲ್ಲಿ ನನ್ನ ಮೊದಲಿನ ಕಾರು ನಿಂತಲ್ಲೇ ಚಕ್ರ ತಿರುಗಿಸುತ್ತಿತ್ತು. ಅದಕ್ಕೆ ದೈತ್ಯ ಗಾಡಿ ಬೇಕಿಲ್ಲ. 1970ರ ಮೊದಲ ಸುಜುಕಿ ಜಿಮ್ನಿಗೆ ಇದ್ದದ್ದು ಬರೀ 359 ಸಿಸಿ ಇಂಜಿನ್, 1983ರ ಫಿಯಟ್ ಪಾಂಡಾ ಫೋರ್ ಬೈ ಫೋರ್‌ಗೆ 965 ಸಿಸಿ, 48 ಹಾರ್ಸ್‌ಪವರ್. ಅಷ್ಟರಲ್ಲೇ ಅವು ಕೆಸರು, ಹಿಮ ಎಲ್ಲ ಹತ್ತಿದವು, ಯಾಕಂದ್ರೆ ಹಗುರ. ಭಾರದ ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ, ಹಗುರದ್ದು ಮೇಲೆಮೇಲೆ ದಾಟಿಕೊಂಡು ಹೋಗುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಫೋರ್ ಬೈ ಫೋರ್ ಅಂದ್ರೆ ಎಲ್ಲವೂ ಒಂದೇ ಅಂದುಕೊಂಡಿದ್ದೆ. ನನ್ನದು ಪಾರ್ಟ್ ಟೈಮ್. ಅಂದ್ರೆ ಮಾಮೂಲಾಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ, ಲಿವರ್ ಎಳೆದರೆ ಮುಂದಿನವೂ ಸೇರುತ್ತವೆ. ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಉರುಳಬೇಕು, ಆದರೆ ಎರಡೂ ಒಂದಕ್ಕೊಂದು ಬಿಗಿದಿರುತ್ತವೆ. ಕೆಸರಿನಲ್ಲಾದರೆ ಟೈರ್ ಸ್ವಲ್ಪ ಜಾರಿ ಸರಿಹೋಗುತ್ತದೆ, ಒಣ ಟಾರಿನಲ್ಲಿ ಜಾರಲ್ಲ. ಮೊದಲ ತಿಂಗಳೇ ಫೋರ್ ಹೈ (ನಾಲ್ಕೂ ಚಕ್ರ ಸೇರುವ ಮಾಮೂಲು ಗೇರು) ತೆಗೆಯೋದು ಮರೆತು ಟಾರ್ ರಸ್ತೆಗೆ ಬಂದೆ. ಪಾರ್ಕಿಂಗಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದೇ ತಡ, ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಗಾಡಿ ನಿಂತಿತು. ಲಿವರ್ ಎಷ್ಟು ತಳ್ಳಿದರೂ ಬರಲಿಲ್ಲ. ಬೆವರಿಳಿಯಿತು. ಕೊನೆಗೆ ಸ್ಟೀರಿಂಗ್ ನೇರ ಮಾಡಿ ನಾಲ್ಕೈದು ಅಡಿ ರಿವರ್ಸ್ ಹೋದೆ, ಒಳಗೆಲ್ಲೋ 'ಟಕ್' ಅಂದಿತು, ಲಿವರ್ ಬೆಣ್ಣೆಯ ಹಾಗೆ ಸರಿಯಿತು.

ದಿನಾ ಒದ್ದೆ ಟಾರು, ಒಣ ಟಾರು ಬದಲಾಗುತ್ತಲೇ ಇರುವ ರಸ್ತೆ ನಿಮ್ಮದಾದರೆ ಪಾರ್ಟ್ ಟೈಮ್ ಬೇಡ. 1977ರಿಂದ ಬರುತ್ತಿರುವ ಲಾಡಾ ನಿವಾದ ಹಾಗೆ ಸದಾ ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟು ಮಧ್ಯದಲ್ಲಿ ಡಿಫರೆನ್ಷಿಯಲ್ ಇರುವಂಥದ್ದು ನೋಡಿ. ಇಲ್ಲವೇ ಮುಂದಿನ ಚಕ್ರ ಜಾರಿದಾಗ ತಾನಾಗಿ ಹಿಂದಿನದನ್ನು ಸೇರಿಸಿಕೊಳ್ಳುವ ಬಗೆ. ಎರಡನೆಯದರಲ್ಲಿ ಲೋ ರೇಂಜ್ ಸಾಮಾನ್ಯವಾಗಿ ಇರಲ್ಲ, ಆದರೆ ನಿಜ ಹೇಳಬೇಕು ಅಂದ್ರೆ ನಾಲ್ಕು ವರ್ಷದಲ್ಲಿ ನಾನು ಫೋರ್ ಲೋ, ಅಂದ್ರೆ ಲೋ ರೇಂಜ್, ಹಾಕಿದ್ದು ಹತ್ತು ಸಲವೂ ಇಲ್ಲ.

ಇನ್ನು ಕೊಳ್ಳುವಾಗ ಮಾಡಿದ ತಪ್ಪು. ಮಾರುವವರು ಲಿವರ್ ಎಳೆದು ತೋರಿಸಿದರು, ಡ್ಯಾಶ್‌ಬೋರ್ಡಿನಲ್ಲಿ ಹಸಿರು ಲೈಟ್ ಹತ್ತಿತು, ನಾನು ತಲೆಯಾಡಿಸಿದೆ. ಮೊದಲ ಮಳೆಗೆ ಅದೇ ಏರಿನಲ್ಲಿ ಲೈಟ್ ಉರಿಯುತ್ತಿತ್ತು, ಕೆಸರು ಹಾರಿಸುತ್ತಿದ್ದದ್ದು ಹಿಂದಿನ ಚಕ್ರ ಮಾತ್ರ. ಮುಂದಿನ ಹಬ್‌ಗಳನ್ನು, ಅಂದ್ರೆ ಚಕ್ರದ ನಡುಭಾಗವನ್ನು, ಶಾಫ್ಟಿಗೆ ಲಾಕ್ ಮಾಡುವ ವ್ಯಾಕ್ಯೂಮ್ ಪೈಪು, ಕಿರುಬೆರಳಿಗಿಂತ ತೆಳ್ಳಗಿನ ರಬ್ಬರ್ ಅದು, ಸೀಳಿತ್ತು. ಶಕ್ತಿ ಹಬ್‌ನ ತನಕ ಬರುತ್ತಿತ್ತು, ಅದರಾಚೆ ಚಕ್ರಕ್ಕೆ ಏನೂ ಇಲ್ಲ. ಪೈಪು ಬದಲಿಸೋದು ಹತ್ತು ನಿಮಿಷದ ಕೆಲಸ, ಅದೇ ಕಾರಣ ಅಂತ ಕಂಡುಹಿಡಿಯೋಕೆ ಮೂರು ವಾರ ಹಿಡಿಯಿತು. ಆದ್ದರಿಂದ ಲೈಟ್ ನಂಬಬೇಡಿ. ಜಲ್ಲಿ ಅಥವಾ ಕೆಸರಿಗೆ ಕರಕೊಂಡು ಹೋಗಿ, ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿ, ಯಾವ ಚಕ್ರ ತಿರುಗುತ್ತದೆ ಅಂತ ಕಣ್ಣಾರೆ ನೋಡಿಸಿ.

ಮುಂದೆ, ಹಿಂದೆ ಒಂದೊಂದು ಇರುವ ಡಿಫರೆನ್ಷಿಯಲ್‌ಗೆ (ಎಡ ಬಲ ಚಕ್ರಗಳ ನಡುವಿನದು) ಆಯಿಲ್ ಹಾಕುವ ಫಿಲ್ಲರ್ ಬೋಲ್ಟ್ ಬಿಚ್ಚಿಸಿ ಬೆರಳು ಹಾಕಿ ನೋಡಿ. ಆಯಿಲ್ ಬೂದುಬಿಳಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಗಾಡಿ ಹೊಳೆಗಿಳೆ ದಾಟಿರಬಹುದು, ಗಾಳಿ ಆಡಲು ಇರುವ ಬ್ರೀದರ್ ಪೈಪೂ ಕಟ್ಟಿಕೊಂಡಿರಬಹುದು. ಚಾಸಿಸ್ ಮೇಲೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ನನಗಂತೂ ಮೊದಲು ಬರೋದು ಅನುಮಾನ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ 'ಠಣ್' ಅನ್ನುತ್ತದೆ, ತುಕ್ಕು ತಿಂದದ್ದು 'ದಬ್' ಅನ್ನುತ್ತದೆ.

ಟೈರುಗಳನ್ನು ಮಾತ್ರ ಹಗುರವಾಗಿ ತಗೋಬೇಡಿ. ನಾನು ನೋಡಲು ಹೋದ ಇನ್ನೊಂದು ಗಾಡಿಗೆ ಮುಂದೆ ಎರಡು ಹೊಸ ಟೈರ್, ಹಿಂದೆ ಬೋಳಾದವು. ಸವೆದ ಟೈರಿನ ಸುತ್ತಳತೆ ಕಮ್ಮಿ, ಹೀಗಾಗಿ ನೇರ ರಸ್ತೆಯಲ್ಲೂ ಮುಂದೆ ಹಿಂದೆ ವೇಗ ಬೇರೆ ಬೇರೆ. ಸದಾ ಜೋಡಿಸಿಕೊಂಡಿರುವ ಅಥವಾ ತಾನಾಗಿ ಸೇರುವ ವ್ಯವಸ್ಥೆಯಲ್ಲಿ ಒಳಗಿನ ಜೋಡಣೆ ಸುಮ್ನೆ ಬಿಸಿಯಾಗಿ ಸಾಯುತ್ತದೆ. ಅದನ್ನು ಅಲ್ಲೇ ಬಿಟ್ಟು ಬಂದೆ.

ದಿನದ ಓಡಾಟಕ್ಕೆ ಹೇಗೆ? ಪಟ್ಟಣದ ಸಂದಿಗೊಂದಿಗೆ ಹೇಳಿ ಮಾಡಿಸಿದ್ದು. ಲೀಟರಿಗೆ ನನಗೆ 11ರಿಂದ 12 ಕಿಲೋಮೀಟರ್ ಬರುತ್ತದೆ, ಇಷ್ಟು ಚಿಕ್ಕ ಗಾಡಿಗೆ ಇದು ಕಮ್ಮಿಯೇ. ಎರಡೆರಡು ಶಾಫ್ಟು, ಎರಡೆರಡು ಡಿಫರೆನ್ಷಿಯಲ್ ಹೊತ್ತು ತಿರುಗಬೇಕಲ್ವಾ. ಗಂಟೆಗೆ 90 ದಾಟಿದರೆ ಪಕ್ಕದವರ ಜೊತೆ ಮಾತಾಡೋಕೆ ಕೂಗಬೇಕು. ಉಬ್ಬು ಬಂದಾಗ ಹಿಂದೆ ಕೂತವರು ಬೈಯುತ್ತಾರೆ. ಬ್ರೇಕಿನ ವಿಷಯದಲ್ಲಿ ನಾಲ್ಕು ಚಕ್ರದ ಶಕ್ತಿಯಿಂದ ಏನೂ ಲಾಭ ಇಲ್ಲ, ಜಾರುವ ರಸ್ತೆಯಲ್ಲಿ ಹೊರಡೋದು ಸುಲಭ, ನಿಲ್ಲೋದು ಎಲ್ಲರಷ್ಟೇ ಕಷ್ಟ. ಇದು ಗೊತ್ತಾಗಿದ್ದು ಒಂದು ಚರಂಡಿಯ ಅಂಚಿನಲ್ಲಿ.

ಈಗ ಗಂಟೆಗೆ 70 ಕಿಲೋಮೀಟರ್ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗಲು ಶುರುವಾಗಿದೆ. ಚಕ್ರ ಬ್ಯಾಲೆನ್ಸ್ ಮಾಡಿಸಿದೆ, ಹೋಗಲಿಲ್ಲ. ಮೆಕ್ಯಾನಿಕ್ ಮುಂದಿನ ಕಿಂಗ್‌ಪಿನ್ ಬೇರಿಂಗ್, ಅಂದ್ರೆ ಚಕ್ರ ಎಡ ಬಲ ತಿರುಗುವ ಕೀಲಿನ ಬೇರಿಂಗ್, ಅನ್ನುತ್ತಿದ್ದಾರೆ. ಮುಂದಿನ ವಾರ ಬಿಚ್ಚಿಸಬೇಕು, ಮಳೆಗಾಲಕ್ಕೆ ಮೊದಲೇ.